ಪಂಡಿತಾ ರಮಾಬಾಯಿ ಲೇಖನದ ಕರಡು: ಸದಸ್ಯರ ಗಮನಕ್ಕೆ

ಶಿರಸಿಯ ನಮ್ಮ ಓದುಗರ ಗುಂಪಿನ ಎಲ್ಲರಿಗೂ ನಮಸ್ಕಾರ.

ಅಂತರ್ಜಾಲಕ್ಕೆ ಏರಿಸಲಿರುವ ಪಂಡಿತಾ ರಮಾಬಾಯಿಯವರ (1858–1922) ಜೀವನಚರಿತ್ರೆಯಲ್ಲಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದ ಅವರ ಹೆಸರಿಗೆ ಪುಣೆಯ ಸೇವಾ ಸದನವನ್ನೂ ಸೇರಿಸಲಾಗಿದೆ. ಅದು ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ರಾನಡೆಯವರು ಕಟ್ಟಿ ಬೆಳೆಸಿದ ಸಂಸ್ಥೆ. ಹೆಸರು ಒಂದೇ ಎಂದು ಎರಡು ಬಾಳುಗಳನ್ನು ಬೆರೆಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಪಂಡಿತಾ ಹುಟ್ಟಿದ್ದು ನಮ್ಮದೇ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ಆ ಮಾತು ಕರಡಿನಲ್ಲಿ ಇಲ್ಲದಿರುವುದು ನನಗೆ ನೋವು ತಂದಿತು.

ಕರಡಿನ ಮೂರನೆಯ ಪ್ಯಾರಾದಲ್ಲಿ, ಪಂಡಿತಾ ಮುಂದೆ ನೆಲೆಸಿದ ಪುಣೆ ಬಳಿಯ ಊರಾದ ‘ಕೇಡಗಾಂವ’ ಎಂಬುದು ‘ಖೇಡಗಾಂವ’ ಆಗಿದೆ. ಇನ್ನೊಂದು ಜಾಲತಾಣದಲ್ಲಿ ಅದೇ ವಾಕ್ಯವು ಅದೇ ತಪ್ಪಿನೊಡನೆ ಇರುವುದರಿಂದ, ಆ ಭಾಗವನ್ನು ಪೂರ್ತಿ ತೆಗೆದು ಸ್ವಂತ ಮಾತಿನಲ್ಲಿ ಬರೆಯಬೇಕು. ಭಾನುವಾರದೊಳಗೆ ಪ್ರತಿಯೊಂದು ಇಸವಿಯ ಪಕ್ಕದಲ್ಲಿ ಅದನ್ನು ಯಾವ ಪುಸ್ತಕದಿಂದ ಪಡೆದಿರೆಂದು ಬರೆದು ಕಳುಹಿಸಿರಿ.