ಕೊಂಡಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ವಾಣಿಜ್ಯಕ್ಕೆ ಒಂದು ಪುಟ, ಆರೋಗ್ಯಕ್ಕೆ ಒಂದು ಪುರವಣಿ, ಪರಿಸರಕ್ಕೆ ಒಂದು ಅಂಕಣ. ಓದುವವರಿಗೆ ಅನುಕೂಲವೇ, ತಕರಾರಿಲ್ಲ. ಸರ್ಕಾರಗಳೂ ಹಾಗೇ, ವಿಷಯಕ್ಕೊಂದು ಇಲಾಖೆ. ವಿಶ್ವವಿದ್ಯಾಲಯಗಳಲ್ಲಿ ವಿಷಯಕ್ಕೊಂದು ಕಟ್ಟಡ. ಆದರೆ ದೊಡ್ಡ ಅನಾಹುತಗಳು ಈ ವಿಂಗಡಣೆ ನೋಡಿಕೊಂಡು ಬರುವುದಿಲ್ಲ. ಹುಟ್ಟುವುದು ಒಂದು ಕಡೆ, ಬಡಿಯುವುದು ಇನ್ನೊಂದು ಕಡೆ. ನಡುವಿನ ದಾರಿ ಯಾರ ಸುಪರ್ದಿಯಲ್ಲೂ ಇರುವುದಿಲ್ಲ. ಈ ಪತ್ರ ಆ ನಡುವಿನ ದಾರಿಯ, ಆ ಕೊಂಡಿಯ ಬಗ್ಗೆ.

ರಣಹದ್ದುಗಳ ಕಥೆ ನಿಮ್ಮ ಓದುಗರಿಗೆ ಅಷ್ಟಿಷ್ಟು ಗೊತ್ತಿರುತ್ತದೆ. 1990ರ ದಶಕದಿಂದ ಭಾರತ, ಪಾಕಿಸ್ತಾನ, ನೇಪಾಳಗಳಲ್ಲಿ ಅವು ಲಕ್ಷಗಟ್ಟಲೆ ಸತ್ತವು. ಮೊದಲಿಗೆ ಯಾವುದೋ ವೈರಸ್ ಇರಬೇಕು ಅಂದುಕೊಂಡರು. ಹಕ್ಕಿ ಸತ್ತರೆ ಹಕ್ಕಿಯ ರೋಗ, ಇನ್ನೇನು? ಸತ್ತ ಹದ್ದಿನ ಹೊಟ್ಟೆ ಕೊಯ್ದು ನೋಡಿದರೆ ಒಳಗಿನ ಅಂಗಗಳಿಗೆಲ್ಲ ಯೂರಿಕ್ ಆಮ್ಲದ ಬಿಳಿ ಪುಡಿ ಮೆತ್ತಿಕೊಂಡಿರುತ್ತಿತ್ತು. ಅಂದರೆ ಕಿಡ್ನಿ ಕೈಕೊಟ್ಟಿದೆ. ಯಾಕೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಕೊನೆಗೆ ಪಾಕಿಸ್ತಾನದಲ್ಲಿ ಈ ಸಾವುಗಳ ಬೆನ್ನುಹತ್ತಿದ್ದ ಸಂಶೋಧಕರು ಬಹಳ ಸಾದಾ ಕೆಲಸವೊಂದನ್ನು ಮಾಡಿದರು. ಹದ್ದುಗಳು ತಿನ್ನುವುದು ಸತ್ತ ದನಗಳನ್ನು, ಹಾಗಾಗಿ ಪಶುವೈದ್ಯರನ್ನೂ ಜಾನುವಾರು ಔಷಧಿ ಮಾರುವವರನ್ನೂ ವಿಚಾರಿಸಿದರು. ದನಗಳಿಗೆ ಯಾವ ಯಾವ ಔಷಧಿ ಕೊಡುತ್ತೀರಿ? ಅದರಲ್ಲಿ ಕಿಡ್ನಿಗೆ ಪೆಟ್ಟು ಕೊಡುವಂಥದ್ದು ಯಾವುದು? ಸಿಕ್ಕಿದ್ದು ಡೈಕ್ಲೊಫೆನಾಕ್ ಎಂಬ ಅಗ್ಗದ ನೋವಿನ ಔಷಧಿ. ಕಿಡ್ನಿ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷೆ ಮಾಡಿದರೆ ಇಪ್ಪತ್ತೈದರಲ್ಲೂ ಅದು ಇತ್ತು. ಈ ಸಂಶೋಧನೆ ಪ್ರಕಟವಾದದ್ದು 2004ರಲ್ಲಿ. 2006ರಲ್ಲಿ ಭಾರತ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ಮೂರು ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಹೋಗಿಬಿಟ್ಟಿದ್ದವು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹದ್ದು ತಿನ್ನದ ದನಗಳ ಹೆಣಗಳು ಬಯಲಲ್ಲಿ ಕೊಳೆತವು. ಕೆಲವನ್ನು ನೀರಿಗೆ ಎಸೆದರು. ಬೀದಿನಾಯಿಗಳು ಹೆಚ್ಚಿದವು, ನಾಯಿಗಳ ಹಿಂದೆ ರೇಬಿಸ್ ಬಂತು. ಹದ್ದುಗಳಿಲ್ಲದ್ದರಿಂದ 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಎಂದು ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಇಬ್ಬರೂ ಅರ್ಥಶಾಸ್ತ್ರಜ್ಞರು ಅನ್ನುವುದನ್ನು ಗಮನಿಸಿ. ಹಕ್ಕಿಯ ಸಾವಿಗೂ ಮನುಷ್ಯನ ಸಾವಿಗೂ ಇದ್ದ ಸಂಬಂಧವನ್ನು ಲೆಕ್ಕ ಹಾಕಿದವರು ವೈದ್ಯರೂ ಅಲ್ಲ, ಪಕ್ಷಿತಜ್ಞರೂ ಅಲ್ಲ.

ಇಲ್ಲಿ ಖಳನಾಯಕ ಯಾರು ಹೇಳಿ? ರೈತನಿಗೆ ದನದ ನೋವು ಹೋಗಬೇಕಿತ್ತು, ಹೋಯಿತು. ಔಷಧಿ ತಾನು ಮಾಡಬೇಕಾದ್ದನ್ನು ಮಾಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಬರೆ ಹಾಕುವವನಾದರೂ ಕಣ್ಣಿಗೆ ಕಾಣುತ್ತಾನೆ. ಇಲ್ಲಿ ಅವನೂ ಇಲ್ಲ.

ಇದು ಬಡದೇಶಗಳ ಗೋಳು ಅಂದುಕೊಳ್ಳುವುದೂ ಬೇಡ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನೈಸರ್ಗಿಕ ಅನಿಲದ ಬೆಲೆ ಗಗನಕ್ಕೇರಿತು. ಎರಡು ರಸಗೊಬ್ಬರ ಕಾರ್ಖಾನೆಗಳು ನಷ್ಟ ತಾಳಲಾರದೆ ಕೆಲಸ ನಿಲ್ಲಿಸಿದವು. ಗೊಬ್ಬರದ ಕೊರತೆ ಆಗಬಹುದು ಅಂತ ಯಾರಾದರೂ ಊಹಿಸಬಹುದಿತ್ತು. ಆದರೆ ಮೊದಲು ಕೂಗಿಕೊಂಡವರು ಹಂದಿ, ಕೋಳಿ ಸಾಕುವವರು! ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನು ಅನಿಲದಿಂದ ತಯಾರಿಸುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಹಿಡಿದು, ಶುದ್ಧ ಮಾಡಿ ಮಾರುತ್ತಿದ್ದರು. ಆ ದೇಶದ ಆಹಾರ ಉದ್ಯಮಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 60ರಷ್ಟು ಈ ಎರಡೇ ಕಾರ್ಖಾನೆಗಳಿಂದ ಬರುತ್ತಿತ್ತು. ಕಸಾಯಿಖಾನೆಯಲ್ಲಿ ಹಂದಿ, ಕೋಳಿಗಳ ಪ್ರಜ್ಞೆ ತಪ್ಪಿಸಲು ಅದೇ ಅನಿಲ. ಮಾಂಸ ಕೆಡದ ಹಾಗೆ ಪ್ಯಾಕ್ ಮಾಡಲು ಅದೇ. ಸೋಡಾದ ಗುಳ್ಳೆಗೂ ಅದೇ. ಕಸಾಯಿಖಾನೆ ನಿಂತರೆ ಸಾಕಣೆ ಕೇಂದ್ರಗಳಲ್ಲಿ ಹಂದಿಗಳಿಗೆ ನಿಲ್ಲಲೂ ಜಾಗ ಇರುವುದಿಲ್ಲ. ಜಗತ್ತೆಲ್ಲ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಯಿತು ಅಂತ ತಲೆ ಚಚ್ಚಿಕೊಳ್ಳುತ್ತಿರುವಾಗ ಒಂದು ದೇಶ ಅದೇ ಸಾಲದು ಅಂತ ಪರದಾಡಿತು. ಕೊನೆಗೆ ಸರ್ಕಾರವೇ ಮೂರು ವಾರದ ಮಟ್ಟಿಗೆ ಖರ್ಚು ಕೊಟ್ಟು ಕಾರ್ಖಾನೆ ಶುರು ಮಾಡಿಸಬೇಕಾಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. 2018ರ ಬೇಸಿಗೆಯಲ್ಲಿ ಅಮೋನಿಯಾ ಘಟಕಗಳು ರಿಪೇರಿಗೆಂದು ನಿಂತಾಗಲೂ ಅಲ್ಲಿ ಇದೇ ತಾಪತ್ರಯ ಆಗಿತ್ತು. ಅಂದರೆ ಕೊಂಡಿ ಎಲ್ಲಿದೆ ಎಂದು ಗೊತ್ತಿತ್ತು. ಅದನ್ನು ನೋಡಿಕೊಳ್ಳುವುದು ಇಂಧನದವರ ಕೆಲಸವೋ, ಕೃಷಿಯವರದೋ, ಆಹಾರದವರದೋ? ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದೆ ಹೋಯಿತು.

ಇಂಥದ್ದನ್ನು ಕೇಳಿದ ಕೂಡಲೇ ಕೆಲವರು, ಹಾಗಾದರೆ ಈ ನಂಟೇ ಬೇಡ, ಅವರವರದು ಅವರವರಿಗೆ ಇರಲಿ ಅನ್ನುತ್ತಾರೆ. ಈ ಮಾತಿಗೆ ಒಂದು ಒಳ್ಳೆಯ ಸಾಕ್ಷಿಯೂ ಇದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯದ ಜಾಲಗಳನ್ನೂ ಎಳೆದುಕೊಂಡು ಬಿತ್ತು. ಸುಮಾರು 60 ಕೋಟಿ ಜನ ಇರುವ ಪ್ರದೇಶಕ್ಕೆ ಕತ್ತಲು. ದಕ್ಷಿಣದ ಜಾಲ ಆಗಿನ್ನೂ ಉಳಿದವುಗಳ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ, ಹಾಗಾಗಿ ಬಚಾವಾಯಿತು. ಆದರೂ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದನ್ನೂ ಸೇರಿಸಿದರು. ಬುದ್ಧಿ ಇಲ್ಲದೆ ಅಲ್ಲ. ಬೇರೆ ಇದ್ದರೆ ಪಕ್ಕದವರ ಕತ್ತಲು ನಮಗೆ ಬರುವುದಿಲ್ಲ, ನಿಜ. ಆದರೆ ನಮಗೆ ಕೊರತೆ ಬಿದ್ದಾಗ ಪಕ್ಕದವರ ಬೆಳಕೂ ಬೇಕಾದಷ್ಟು ಬರುವುದಿಲ್ಲ. ಸೇರಿಸಿದ್ದೇ ಸರಿ ಅನ್ನುವವನು ನಾನು. ಸೇರಿಸಿದ ಮೇಲೆ ಕಾಯುವವರು ಬೇಕು, ಅಷ್ಟೇ.

ಕಾಯುವವರನ್ನು ನೇಮಿಸುವುದು ಆಗದ ಕೆಲಸವೇನಲ್ಲ. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಅಮೆರಿಕದ ಓಹಾಯೋ ರಾಜ್ಯದಲ್ಲಿ ಜೋತುಬಿದ್ದ ತಂತಿಗಳು ಕಡಿಯದೇ ಬಿಟ್ಟಿದ್ದ ಮರಗಳಿಗೆ ತಗುಲಿದ್ದವು. ಕಂಟ್ರೋಲ್ ರೂಮಿನ ಎಚ್ಚರಿಕೆ ಗಂಟೆಯ ಸಾಫ್ಟ್‌ವೇರ್ ಸದ್ದಿಲ್ಲದೆ ಕೆಟ್ಟಿತ್ತು. ಕೆಟ್ಟಿದೆ ಅನ್ನುವುದು ಅಲ್ಲಿ ಕೂತವರಿಗೂ ತಿಳಿದಿರಲಿಲ್ಲ. ಎರಡೂ ದೇಶ ಸೇರಿ ತನಿಖೆ ಮಾಡಿದವು. ಮರ ಕಡಿಯದವನ ಮೇಲೆ ತಪ್ಪು ಹೊರಿಸಿ ಫೈಲ್ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅಲ್ಲಿಯವರೆಗೆ ಜಾಲದ ಸುರಕ್ಷತೆಯ ನಿಯಮಗಳು ಕಂಪನಿಗಳ ಇಷ್ಟಕ್ಕೆ ಬಿಟ್ಟವಾಗಿದ್ದವು. 2005ರ ಕಾನೂನು ಅಮೆರಿಕದಲ್ಲಿ ಅವನ್ನು ಕಡ್ಡಾಯ ಮಾಡಿತು, ತಪ್ಪಿದರೆ ದಂಡ. ತನ್ನ ತಂತಿಯ ಪಕ್ಕದ ಮರ ಕಡಿಯುವುದು ಪಕ್ಕದ ರಾಜ್ಯದವನ ಹಿತಕ್ಕೂ ಮಾಡಬೇಕಾದ ಕೆಲಸ ಅಂತ ಬರವಣಿಗೆಯಲ್ಲಿ ಬಂತು.

ಬರೀ ಕೆಟ್ಟದ್ದೇ ಕೊಂಡಿಗಳ ಮೂಲಕ ಹರಿಯುತ್ತದೆ ಅಂತ ಅಲ್ಲ. ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ನಿಜ–ಸುಳ್ಳುಗಳ ತರ್ಕವನ್ನು ಬೀಜಗಣಿತದ ಹಾಗೆ ಬರೆದಿಟ್ಟ. ಎಂಜಿನಿಯರುಗಳು ಅದರ ಕಡೆ ತಿರುಗಿ ನೋಡಲು ಎಂಬತ್ತು ವರ್ಷ ಬೇಕಾಯಿತು. ಕ್ಲಾಡ್ ಶಾನನ್ ಎಂಬ ಹುಡುಗ ಎಂಜಿನಿಯರಿಂಗ್ ಓದುತ್ತಾ ಸುಮ್ನೆ ಒಂದು ತತ್ವಶಾಸ್ತ್ರದ ತರಗತಿಗೂ ಕೂತಿದ್ದ, ಬೂಲ್ ಸಿಕ್ಕಿದ್ದು ಅಲ್ಲಿ. 1937ರಲ್ಲಿ, 21ನೇ ವಯಸ್ಸಿನಲ್ಲಿ, ಸ್ವಿಚ್ಚು ಹಾಕುವುದು–ತೆಗೆಯುವುದೂ ಅದೇ ತರ್ಕ ಎಂದು ತೋರಿಸಿದ. ಇವತ್ತಿನ ಕಂಪ್ಯೂಟರಿನ ಬೇರು ಅಲ್ಲಿದೆ. ಎಂಜಿನಿಯರಿಂಗ್ ಹುಡುಗರಿಗೆ ತತ್ವಶಾಸ್ತ್ರ ಯಾಕೆ ಅಂತ ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ನನ್ನ ಬೇಡಿಕೆ ಚಿಕ್ಕದು. ಎಲ್ಲಾದರೂ ಏನಾದರೂ ಕುಸಿದಾಗ ನಿಮ್ಮ ವರದಿಗಾರರು ಅದು ಯಾರ ತಪ್ಪು ಅಂತ ಕೇಳಲಿ, ಖಂಡಿತ ಕೇಳಲಿ. ಜೊತೆಗೆ ಇದನ್ನು ನೆಚ್ಚಿಕೊಂಡವರು ಇನ್ನೂ ಯಾರ್‍ಯಾರು ಅಂತಲೂ ಕೇಳಲಿ. ತನಿಖಾ ವರದಿ ಬಂದ ದಿನ ಅಮಾನತಾದವರ ಹೆಸರು ಮುಖಪುಟಕ್ಕೆ ಬರುತ್ತದೆ. ಒಂದು ಕಡೆ ಗೊತ್ತಿದ್ದ ಮಾಹಿತಿ ಇನ್ನೊಂದು ಕಡೆಗೆ ಯಾಕೆ ಹೋಗಲಿಲ್ಲ, ಇನ್ನು ಮುಂದೆ ಅದನ್ನು ದಾಟಿಸುವವರು ಯಾರು ಎಂಬುದು ಆ ವರದಿಯಲ್ಲಿ ಇದೆಯೋ ಇಲ್ಲವೋ, ಅದನ್ನೂ ಬರೆಯಿರಿ. ಇಲ್ಲ ಅಂದರೆ, ಇಲ್ಲ ಅನ್ನುವುದೇ ಸುದ್ದಿ ಅಲ್ವಾ?

ಇಂತಿ,
ನಿಮ್ಮ ಓದುಗ