ಗಂಟೆಗೆ ಎಷ್ಟು ಅಂತ ಮೊದಲೇ ಬರೆದುಕೊಡಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಮುಖಪುಟದಲ್ಲಿ ಪುಟ ತುಂಬ ಹಬ್ಬದ ಸೇಲ್ ಜಾಹೀರಾತು ನೋಡಿದೆ. ಸೊಂಟ ಒಮ್ಮೆ ಚುಳ್ ಅಂದಿತು, ತಮಾಷೆ ಅಲ್ಲ. ಶಿರಸಿ ಹತ್ತಿರದ ಹಳ್ಳಿಯವನು ನಾನು. ಡಿಪ್ಲೊಮಾ ಮುಗಿಸಿ ಇಲ್ಲಿ ಕೆಲಸ ಸಿಗದೆ, ಏಜೆನ್ಸಿಯವರ ಮಾತು ನಂಬಿ ಹೊಸಕೋಟೆ ಕಡೆಯ, ಆನ್‌ಲೈನ್ ಮಾರಾಟದವರ ಒಂದು ವೇರ್‌ಹೌಸ್ (ಗೋದಾಮು) ಸೇರಿ, 14 ತಿಂಗಳು ದುಡಿದು ವಾಪಸ್ ಬಂದಿದ್ದೇನೆ.

ಕೆಲಸ ಕಲಿಯಲು ಅರ್ಧ ದಿನ ಸಾಕು. ಯಾವ ರ‍್ಯಾಕು, ಯಾವ ಖಾನೆ ಅಂತ ಕೈಯಲ್ಲಿರುವ ಸ್ಕ್ಯಾನರ್ ತೋರಿಸುತ್ತದೆ, ಹೋಗಿ ವಸ್ತು ತೆಗೆದು ಸ್ಕ್ಯಾನ್ ಮಾಡಿ ಟ್ರೇಗೆ ಹಾಕಬೇಕು. ಟಾರ್ಗೆಟ್ ಗಂಟೆಗೆ 120. ಅಂದರೆ ಒಂದಕ್ಕೆ 30 ಸೆಕೆಂಡ್. ಶಾಂಪೂ ಬಾಟಲಿಯೂ ಒಂದೇ, 10 ಕೆ.ಜಿ. ಹಿಟ್ಟಿನ ಚೀಲವೂ ಒಂದೇ, ಪಕ್ಕದ ಖಾನೆಯಲ್ಲಿದ್ದರೂ ಅಷ್ಟೇ, ಆ ತುದಿಯಲ್ಲಿದ್ದರೂ ಅಷ್ಟೇ. ಟಾಯ್ಲೆಟ್ ಇರುವುದು ಶೆಡ್ಡಿನ ಕೊನೆಯಲ್ಲಿ. ಹೋಗಿ ಬರಲು ಹತ್ತು ನಿಮಿಷ, ಅಷ್ಟರಲ್ಲಿ 20 ವಸ್ತು ಬಾಕಿ ಬಿದ್ದಿರುತ್ತದೆ. ಸ್ಕ್ಯಾನರ್ ಎಷ್ಟು ಹೊತ್ತು ಸುಮ್ಮನಿತ್ತು ಅನ್ನುವುದು ಲೀಡ್‌ನ, ಅಂದರೆ ನಮ್ಮ ಮೇಲ್ವಿಚಾರಕನ, ಕಂಪ್ಯೂಟರಿನಲ್ಲಿ ಕಾಣುತ್ತದೆ, ಅವನು ಬಂದು ಎಲ್ಲರೆದುರೇ ಕೇಳುತ್ತಾನೆ. ಅದಕ್ಕೇ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಜೊತೆಗಿದ್ದ ಹುಡುಗಿಯರಲ್ಲಿ ಉರಿಮೂತ್ರ ಆಗದವರು ಕಡಿಮೆ. ಅದನ್ನು ಅವನ ಹತ್ತಿರ ಹೇಗೆ ಹೇಳುತ್ತಾರೆ ಪಾಪ.

"ಬೇರೆಯವರು ಮಾಡ್ತಾರಲ್ಲ, ನಿಂಗೇನು ದಾಡಿ?" ಅನ್ನುವುದು ಅಲ್ಲಿನ ಕಾಯಂ ಮಾತು. ಮಾಡುತ್ತಾರೆ, 20 ವರ್ಷದ ಹುಡುಗರು, ಎರಡು ಮೂರು ತಿಂಗಳು. ಸೇಲ್ ಹೊತ್ತಿನಲ್ಲಿ ಇನ್ಸೆಂಟಿವ್ ಆಸೆಗೆ ಓಡಿ ಓಡಿ ನಾವೂ 140 ಮಾಡಿದೆವು. ಹಬ್ಬ ಮುಗಿಯಿತು, ಇನ್ಸೆಂಟಿವ್ ನಿಂತಿತು, 140 ಮಾತ್ರ ಟಾರ್ಗೆಟ್ ಆಗಿ ಉಳಿಯಿತು! ಈ ನಂಬರ್ ಯಾರು ಇಟ್ಟರು ಅಂತ ಕೇಳಿದರೆ "ಸಿಸ್ಟಮ್‌ನಲ್ಲಿ ಬಂದಿದೆ" ಅಂದರು. ಎರಡು ಮೂರು ವಾರ ಹಿಂದೆ ಬಿದ್ದವನ ಕಾರ್ಡಿಗೆ ಒಂದು ಬೆಳಿಗ್ಗೆ ಗೇಟು ತೆರೆಯುವುದಿಲ್ಲ. ಕಂಪನಿಯವರು ಏಜೆನ್ಸಿಯನ್ನು ಕೇಳು ಅನ್ನುತ್ತಾರೆ, ಏಜೆನ್ಸಿಯವರು ಫೋನ್ ಎತ್ತುವುದಿಲ್ಲ.

ನಮ್ಮ ಕಡೆ ಅಡಿಕೆ ಸುಲಿಯುವುದೂ ಲೆಕ್ಕದ ಕೆಲಸವೇ ಅಲ್ವಾ? ನಮ್ಮ ಆಯಿ ಎಷ್ಟೋ ವರ್ಷ ಮೆಟ್ಟುಗತ್ತಿ ಮುಂದೆ ಕೂತವಳು. ಸುಲಿದಷ್ಟಕ್ಕೆ ದುಡ್ಡು, ಚುರುಕು ಕೈಯವರಿಗೆ ಜಾಸ್ತಿ. ನಡುವೆ ಎದ್ದು ಚಾ ಕುಡಿದರೆ ಯಾರೂ ಗಡಿಯಾರ ನೋಡುವುದಿಲ್ಲ. ಇವತ್ತು ಇಷ್ಟು ಸುಲಿದೆ, ನಾಳೆಯೂ ಇಷ್ಟು ಸುಲಿಯದಿದ್ದರೆ ಬರಬೇಡ ಅಂದ ಯಜಮಾನರನ್ನು ನಾನು ಕಂಡಿಲ್ಲ. ಕೂಲಿ ಸಾಲದು ಅನ್ನುವ ಜಗಳ ಬೇರೆ, ಅದು ಇದ್ದೇ ಇದೆ.

ಇದು ನನ್ನೊಬ್ಬನ ಗೋಳಲ್ಲ. ಹರಿಯಾಣದ ಮಾನೇಸರದ ಒಂದು ದೊಡ್ಡ ವೇರ್‌ಹೌಸಿನಲ್ಲಿ 24 ಅಡಿಯ ಆರು ಲಾರಿ ಖಾಲಿಯಾಗುವ ತನಕ ನೀರಿಗೂ ಟಾಯ್ಲೆಟ್ಟಿಗೂ ಹೋಗುವುದಿಲ್ಲ ಅಂತ ಕೆಲಸದವರ ಹತ್ತಿರ ಪ್ರತಿಜ್ಞೆ ಮಾಡಿಸಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲೇ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಅದನ್ನು ಎತ್ತಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಕಾನೂನು ಇದೆ, 2022ರಿಂದ. ದೊಡ್ಡ ವೇರ್‌ಹೌಸಿನವರು ಟಾರ್ಗೆಟ್ ಎಷ್ಟು ಅಂತ ಕೆಲಸಗಾರನಿಗೆ ಬರಹದಲ್ಲಿ ಕೊಡಬೇಕು, ಊಟಕ್ಕೆ, ಟಾಯ್ಲೆಟ್ಟಿಗೆ ಬಿಡದಂಥ ಟಾರ್ಗೆಟ್ ಇಡುವಂತಿಲ್ಲ. ತನ್ನ ಹಿಂದಿನ 90 ದಿನದ ಲೆಕ್ಕವನ್ನು ಕೆಲಸಗಾರ ಕೇಳಿ ಪಡೆಯಬಹುದು.

ನಮ್ಮ ರಾಜ್ಯವೂ 2025ರಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ಆ್ಯಪ್ ಮೂಲಕ ಕೆಲಸ ಹಿಡಿಯುವವರಿಗೆ, ಕಾನೂನು ಮಾಡಿದೆ, ಒಳ್ಳೆಯದೇ. ಬೈಕಿನಲ್ಲಿ ಪಾರ್ಸೆಲ್ ತರುವವನಿಗೆ ಅದರಿಂದ ಏನಾದರೂ ಸಿಗಬಹುದು. ಆ ಪಾರ್ಸೆಲನ್ನು ಒಳಗೆ ತೆಗೆದುಕೊಟ್ಟ, ಏಜೆನ್ಸಿ ಸಂಬಳದ ನನ್ನಂಥವನು ಅದರ ಲೆಕ್ಕದಲ್ಲಿ ಇಲ್ಲ. ನಮಗೂ ಕ್ಯಾಲಿಫೋರ್ನಿಯಾದಂಥದ್ದೇ ಬೇಕು. ನೀರು, ಟಾಯ್ಲೆಟ್ಟಿನ ಹೊತ್ತು ಟಾರ್ಗೆಟ್ಟಿನಿಂದ ಹೊರಗಿರಬೇಕು, ನಂಬರ್ ಏರಿಸುವ ಮೊದಲು ಕಾರಣ ಹೇಳಬೇಕು. ನಾನೂ ಆನ್‌ಲೈನ್‌ನಲ್ಲಿ ತರಿಸುವವನೇ, ಸುಳ್ಳು ಯಾಕೆ. ಮಿಕ್ಸಿ ಜಾರು ಶಿರಸಿಗೆ ಎರಡು ದಿನ ತಡವಾಗಿ ಬಂದರೆ ನಮ್ಮ ಗಂಟೇನು ಹೋಗುತ್ತದೆ?

ಈ ವಾರ ಅದೇ ಏಜೆನ್ಸಿಯ ಮೆಸೇಜು ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿಗೆ ಮತ್ತೆ ಬಂದಿದೆ. ಹಬ್ಬದ ಸೇಲಿಗೆ ಹುಡುಗರು ಬೇಕಂತೆ. ರೂಮು ಫ್ರೀ, ಪಿ.ಎಫ್. ಇದೆ, ಸಂಬಳ ಇಷ್ಟು ಅಂತೆಲ್ಲ ಬರೆದಿದ್ದಾರೆ. ಗಂಟೆಗೆ ಎಷ್ಟು ಅನ್ನುವುದೊಂದನ್ನು ಬರೆದಿಲ್ಲ.

- ಒಬ್ಬ ಓದುಗ, ಶಿರಸಿ ತಾಲ್ಲೂಕು