ಲೇಸರ್ ಪ್ರಯೋಗಕ್ಕೆ ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಲೇಸರ್ ಬೆಳಕಿನಲ್ಲಿ ಧ್ವನಿ ಕಳಿಸಿ ದೂರ ಮಾತಾಡುವ ಪ್ರಯೋಗಕ್ಕೆ ಹೊರಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಲೇಸರ್ ಕಿರಣ ಎಷ್ಟು ದೂರ ಹೋದರೂ ಗೆರೆಯ ಹಾಗೆ ಸಣ್ಣಗೇ ಇರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕಿರಣ 1 ಮಿಲಿರೇಡಿಯನ್ (ಅಂದರೆ ಪ್ರತಿ ಮೀಟರಿಗೆ 1 ಮಿ.ಮೀ.) ಹರಡಿದರೆ 10 ಕಿ.ಮೀ. ಆಚೆ ಅದು 10 ಮೀಟರ್ ಅಗಲ. ಆದರೂ ಟ್ರೈಪಾಡ್ ಚೂರೇ ಅಲುಗಿದರೂ ಗುರಿ ತಪ್ಪುತ್ತದೆ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು.

ದೊಡ್ಡ ತೊಂದರೆ ಗಾಳಿಯದ್ದು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯುವ ಕಡೆ ಬೆಳಕು ಅತ್ತಿತ್ತ ಬಾಗುತ್ತದೆ, ನಕ್ಷತ್ರ ಮಿನುಗೋದೂ ಇದರಿಂದಲೇ ಅಲ್ವಾ, ಹಾಗಾಗಿ ಧ್ವನಿಗೆ ತಕ್ಕಂತೆ ಬೆಳಕನ್ನೇ ನೇರವಾಗಿ ಏರಿಳಿಸಿದರೆ ಮಾತು ಹರಿದು ಹರಿದು ಕೇಳುತ್ತದೆ. ಬೆಳಕನ್ನು ಧ್ವನಿಗಿಂತ ಬಹಳ ವೇಗವಾಗಿ ಮಿಡಿಸಿ (ಈ ಮಿಡಿತವೇ ಸಬ್‌ಕ್ಯಾರಿಯರ್), ಅದರ ಮೇಲೆ ಧ್ವನಿಯನ್ನು ಎಫ್‌ಎಂ ಮಾಡಿ, ಅಂದರೆ ಧ್ವನಿಗೆ ತಕ್ಕಂತೆ ಮಿಡಿತದ ವೇಗ ಬದಲಿಸಿ ಕಳಿಸಿ, ಎಷ್ಟೋ ವಾಸಿ. ಕೇಳುವ ಕಡೆ ಫೋಟೋಡಯೋಡ್ (ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಬಿಡಿಭಾಗ) ಮುಂದೆ ದೊಡ್ಡ ಫ್ರೆನೆಲ್ ಲೆನ್ಸ್ (ಉಂಗುರ ಉಂಗುರವಾಗಿ ಗೀರಿದ ತೆಳು ಲೆನ್ಸ್) ಇಡಿ. ಲೆನ್ಸ್ ಅಗಲವಾದಷ್ಟೂ ಮಿನುಗು ಕಡಿಮೆ. ನನ್ನ ಮಾತು ಕೇಳುವುದಾದರೆ ದುಡ್ಡು ಲೆನ್ಸಿಗೆ ಹಾಕಿ, ಜಾಸ್ತಿ ಪವರಿನ ಲೇಸರಿಗೆ ಬೇಡ. ಎಲ್‌ಇಡಿಯನ್ನೂ ಸುಮ್ನೆ ತಳ್ಳಿಹಾಕಬೇಡಿ, 2005ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ರೇಡಿಯೋ ಹವ್ಯಾಸಿಗಳು ಅದರಲ್ಲೇ 160 ಕಿ.ಮೀ.ಗೂ ಹೆಚ್ಚು ದೂರ ಮಾತಾಡಿದ್ದಾರೆ.

ಸಂಜೆಯಾದ ಮೇಲೆ ಪ್ರಯತ್ನಿಸಿ. ಬೀದಿದೀಪಗಳ ಗುಂಯ್‌ಗುಟ್ಟುವ ಸದ್ದು ಬಂದರೆ ಫಿಲ್ಟರ್ ಹಾಕಿ ತೆಗೆಯಬಹುದು.

ಕಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. 5 ಮಿಲಿವ್ಯಾಟ್ ದಾಟಬೇಡಿ. ಎದುರಿನಿಂದ ಬರುವ ಲೇಸರನ್ನು ಬೈನಾಕ್ಯುಲರ್‌ನಲ್ಲಿ ನೋಡಲೇಬೇಡಿ. ರಸ್ತೆ, ಮನೆಗಳ ಮೇಲೆ ಹಾಯುವ ದಾರಿ ಬೇಡ. ವಿಮಾನ ಕಂಡ ತಕ್ಷಣ ಆಫ್ ಮಾಡಿ. ಎರಡೂ ಕಡೆಯವರು ಫೋನಿನಲ್ಲಿ ಸಂಪರ್ಕದಲ್ಲಿರಿ, ಒಬ್ಬರು "ನಿಲ್ಲಿಸಿ" ಅಂದರೆ ಆ ಕ್ಷಣವೇ ನಿಲ್ಲಿಸಿ.